ವಾತಾಪಿಯ ಊರಲ್ಲಿ ಬಾರ್ಬೆಕ್ಯೂ

ಊರುಗಳಿಗೆ ರಾಜನ ಹೆಸರಿರುತ್ತೆ, ದೇವರ ಹೆಸರಿರುತ್ತೆ, ಹೊಳೆಯ ಹೆಸರಿರುತ್ತೆ. ನಮ್ಮ ಬಾದಾಮಿಯ ಹಳೆಯ ಹೆಸರಿನ ಜೊತೆ ಜನ ಕಟ್ಟಿಕೊಂಡು ಬಂದಿರೋದು ಒಂದು ಮಟನ್ ಊಟದ ಕಥೆಯನ್ನ.

ಇಲ್ವಲ, ವಾತಾಪಿ ಅಂತ ಇಬ್ಬರು ರಾಕ್ಷಸ ಅಣ್ಣತಮ್ಮಂದಿರು. ತಮ್ಮ ವಾತಾಪಿ ಟಗರಾಗಿ ನಿಲ್ಲುತ್ತಿದ್ದ. ಅಣ್ಣ ಇಲ್ವಲ ಅವನನ್ನೇ ಕೊಯ್ದು, ಅಡುಗೆ ಮಾಡಿ, ಮನೆಗೆ ಬಂದ ಬ್ರಾಹ್ಮಣರಿಗೆ ಬಡಿಸುತ್ತಿದ್ದ. ಊಟ ಮುಗಿದ ಮೇಲೆ ‘ವಾತಾಪಿ, ಹೊರಗೆ ಬಾ’ ಅಂತ ಕರೆದರೆ ಸಾಕು, ಅತಿಥಿಯ ಹೊಟ್ಟೆ ಸೀಳಿಕೊಂಡು ತಮ್ಮ ಎದ್ದು ಬರುತ್ತಿದ್ದ. ಕೊನೆಗೆ ಅಗಸ್ತ್ಯ ಮುನಿ ಬಂದರು, ಸಾವಕಾಶ ಉಂಡರು, ಹೊಟ್ಟೆ ಸವರಿಕೊಂಡು ‘ವಾತಾಪಿ ಜೀರ್ಣೋ ಭವ’ ಅಂದರು. ಅಲ್ಲಿಗೆ ಇಲ್ವಲನ ಖಾನಾವಳಿ ಬಂದ್! ರಾಮಾಯಣ, ಮಹಾಭಾರತ ಎರಡರಲ್ಲೂ ಬರುವ ಕಥೆ ಇದು. ಬಾದಾಮಿಯ ಗುಡ್ಡಗಳ ನಡುವಿನ ಕೆರೆಗೆ ಇವತ್ತಿಗೂ ಅಗಸ್ತ್ಯ ತೀರ್ಥ ಅಂತಲೇ ಹೆಸರು.

ಪುರಾಣವನ್ನ ಪುರಾಣವಾಗಿಯೇ ಓದೋಣ. ಆದರೆ ಹೋಟೆಲ್ ಇಡುವವರಿಗೆ ಇದರಲ್ಲಿ ಒಂದು ಪಾಠ ಇದ್ದೇ ಇದೆ. ತಟ್ಟೆಯಲ್ಲಿ ಏನಿದೆ, ಅದು ಯಾವ ಒಲೆಯಿಂದ ಬಂತು ಅನ್ನೋದನ್ನ ಉಣ್ಣುವವರಿಂದ ಮುಚ್ಚಿಟ್ಟ ಅಂಗಡಿ ಬಾಳೋದಿಲ್ಲ.

ಈ ಪಾಠದ ಅಗತ್ಯ ಸದ್ಯಕ್ಕೆ ನನ್ನ ದೋಸ್ತನೊಬ್ಬನಿಗೆ ಇದೆ. ಬೆಂಗಳೂರಿನ ನೌಕರಿ ಬಿಟ್ಟು, ಬ್ಯಾಂಕಿನಲ್ಲಿ ಸಾಲ ಮಾಡಿ, ಬಾಗಲಕೋಟೆಯ ನವನಗರದಲ್ಲಿ ಬಾರ್ಬೆಕ್ಯೂ ರೆಸ್ಟೋರೆಂಟ್ ತೆಗೆದು ಮೂರು ತಿಂಗಳಾಯ್ತು. ನವನಗರ ಗೊತ್ತಲ್ಲ? ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೇ ಬಾಗಲಕೋಟೆಯ ಭಾಗಗಳು ಮುಳುಗಿದಾಗ, ಮನೆ ಕಳಕೊಂಡವರಿಗಾಗಿ ಕಟ್ಟಿದ ಊರು. ಓಣಿಗಳ ಬದಲು ಸೆಕ್ಟರ್ ನಂಬರು. ಅಲ್ಲಿ ಎಲ್ಲವೂ ಹೊಸದು, ಹಾಗಾಗಿ ಹೊಸ ಥರದ ಹೋಟೆಲ್ ನಡೆಯುತ್ತೆ ಅಂತ ಅವನ ಲೆಕ್ಕ. ಶನಿವಾರ ಭಾನುವಾರ ಟೇಬಲ್ ತುಂಬುತ್ತವೆ. ಸೋಮವಾರದಿಂದ ಗುರುವಾರದ ತನಕ ಸರ್ವರುಗಳು ಮೊಬೈಲ್ ನೋಡ್ತಾ ಕೂತಿರ್ತಾರೆ.

ಫೋನ್ ಮಾಡಿ ಕೇಳಿದ: “ನೀ ಇತಿಹಾಸ ಓದಾಂವ. ನಮ್ಮ ಕಡೆ ಮಂದಿ ಹಿಂಗ ಕೆಂಡದ ಮ್ಯಾಲೆ ಸುಟ್ಟು ತಿಂತಿದ್ರೋ ಇಲ್ಲೋ? ಇಲ್ಲಂದ್ರ ನಾ ಪರದೇಶದ ಬೀಜ ತಂದು ಎರಿ ಹೊಲದಾಗ ಬಿತ್ತೇನೇನು?” ಆಮೇಲೆ ಮೆಲ್ಲಗೆ ಇನ್ನೊಂದು ಮಾತು ಸೇರಿಸಿದ: “ನಮ್ಮವ್ವ ಇನ್ನೂ ಅಂಗಡಿ ಹೊಸ್ತಿಲ ದಾಟಿಲ್ಲಲೇ. ಮನಿ ಪತ್ರ ಒತ್ತಿ ಇಡಾಕ ಸಹಿ ಮಾಡಿದಾಕಿ ಆಕಿನ, ಆದ್ರ ಅಲ್ಲಿ ನೀರು ಸೈತ ಮುಟ್ಟಂಗಿಲ್ಲ ಅಂತಾಳ.” ಅವರದು ಮಾಂಸ ತಿನ್ನದ ಮನೆತನ. ಅವನ ಅಂಗಡಿಯಲ್ಲಿ ಪನೀರು, ಮಟನ್ ಎರಡೂ ಸುಡೋದು ಒಂದೇ ಒಲೆಯ ಮೇಲೆ.

ಅವನ ಎರಡು ಮಾತಿಗೂ ಉತ್ತರ ಒಂದೇ ಕಡೆ ಇದೆ ಅಂತ ನನಗೆ ಅನ್ನಿಸ್ತು.

ಮೊದಲು ಪರದೇಶದ ಬೀಜದ ವಿಚಾರ. ಬಾರ್ಬೆಕ್ಯೂ ಅನ್ನೋ ಪದ ಕೆರಿಬಿಯನ್ ದ್ವೀಪಗಳ ಟೈನೋ ಜನರದು. ಕಟ್ಟಿಗೆ ಕಟ್ಟಿ ಮಾಡಿದ ಅಟ್ಟಣಿಗೆಗೆ ಅವರು ಅನ್ನುತ್ತಿದ್ದ ಮಾತನ್ನ ಸ್ಪೇನಿನವರು ‘ಬಾರ್ಬಕೋವಾ’ ಮಾಡಿಕೊಂಡರು, ಅಲ್ಲಿಂದ ಅದು ಇಂಗ್ಲಿಷಿಗೆ ಹೋಯ್ತು. ಟೇಬಲ್ ನಡುವೆ ಕೆಂಡ ಇಟ್ಟು, ಸಾಕು ಅನ್ನೋ ತನಕ ಬಡಿಸುವ ಇಂದಿನ ಪದ್ಧತಿ ನಮ್ಮ ದೇಶದಲ್ಲಿ ಮನೆಮಾತಾಗಿದ್ದು 2006ರಲ್ಲಿ ಮುಂಬೈಯಲ್ಲಿ ಶುರುವಾದ ಬಾರ್ಬೆಕ್ಯೂ ನೇಷನ್ ಬಂದ ಮೇಲೆ. ಟೀಮ್ ಲಂಚ್, ಬರ್ತ್‌ಡೇ, ಕೇಕು, ಚಪ್ಪಾಳೆ, ಎಲ್ಲ ನಿಮಗೂ ಗೊತ್ತಿರೋದೇ.

ಪದ ಪರದೇಶದ್ದು ಅನ್ನೋದು ಸರಿ. ಆದರೆ ಸಾವಜಿ ಖಾರಕ್ಕೆ ಕೆಂಪು ಬಣ್ಣ ಕೊಡುವ ಮೆಣಸಿನಕಾಯಿ ಬಂದಿದ್ದೂ ಅದೇ ಅಮೆರಿಕ ಖಂಡದಿಂದ, ಪೋರ್ಚುಗೀಸರ ಕಾಲದಲ್ಲಿ. ರೊಟ್ಟಿ ಜೊತೆ ನಾವು ಬಿಡದೆ ತಿನ್ನುವ ಹಿಂಡಿಯ ಶೇಂಗಾ, ಮಳೆಗಾಲದಲ್ಲಿ ಗಾಡಿಯವ ಸುಟ್ಟು ಕೊಡುವ ಗೋವಿನಜೋಳ, ಎಲ್ಲ ಆ ಕಡೆಯವೇ. ಅವು ನಮ್ಮವಾಗಿದ್ದು ಹೇಗೆ? ಜೋಳದ ರೊಟ್ಟಿಯ ಪಕ್ಕದಲ್ಲಿ ಜಾಗ ಸಿಕ್ಕಿದ್ದರಿಂದ. ಹೊಸದೊಂದು ಬಂದಾಗ ‘ಇದು ಎಲ್ಲಿಯದು’ ಅನ್ನೋದಕ್ಕಿಂತ ‘ಇದನ್ನ ಯಾವುದರ ಪಕ್ಕ ಇಡೋದು’ ಅನ್ನೋದು ಉಪಯೋಗದ ಪ್ರಶ್ನೆ.

ಇನ್ನು ಕೆಂಡದ ಮೇಲೆ ಮಾಂಸ. ಅದಕ್ಕೆ ನಮ್ಮ ಕಡೆ ಲಿಖಿತ ದಾಖಲೆಯೇ ಇದೆ. ಬಾದಾಮಿ ಚಾಲುಕ್ಯರ ಆಳ್ವಿಕೆ ಎಂಟನೇ ಶತಮಾನದಲ್ಲಿ ಮುಗೀತು. ಅವರ ವಂಶದವರು ನಾವು ಅಂತ ಹೇಳಿಕೊಂಡ ಚಾಲುಕ್ಯರು 973ರಿಂದ ಮತ್ತೆ ಆಳಿದರು, ಕಲ್ಯಾಣವನ್ನ, ಅಂದರೆ ಇಂದಿನ ಬಸವಕಲ್ಯಾಣವನ್ನ ರಾಜಧಾನಿ ಮಾಡಿಕೊಂಡರು. ಈ ವಂಶದ ಮೂರನೇ ಸೋಮೇಶ್ವರ 1129ರ ಸುಮಾರಿಗೆ ‘ಮಾನಸೋಲ್ಲಾಸ’ ಅನ್ನೋ ಸಂಸ್ಕೃತ ಗ್ರಂಥ ಬರೆದ. ಐದು ಭಾಗ, ನೂರು ಅಧ್ಯಾಯ. ರಾಜ್ಯಭಾರದಿಂದ ಹಿಡಿದು ಆನೆ, ಸಂಗೀತ, ಚಿತ್ರಕಲೆ, ಆಟ, ಎಲ್ಲ ಅದರಲ್ಲಿ ಬರುತ್ತವೆ. ಅದರಲ್ಲಿ ‘ಅನ್ನಭೋಗ’ ಅನ್ನೋ ಭಾಗ ಓದಿದರೆ, ಬರೆದವನು ಅಡುಗೆಮನೆಯ ಹೊಗೆ ಕುಡಿದವನು ಅಂತ ಗೊತ್ತಾಗುತ್ತೆ.

ಹಂದಿಯ ಮಾಂಸ ಸುಡುವ ಕ್ರಮ ನೋಡಿ. ಮೈಮೇಲೆ ಬಟ್ಟೆ ಹೊದಿಸಿ, ಕಾದ ನೀರು ಸುರಿದು ಕೂದಲು ತೆಗೀಬೇಕು, ಇಲ್ಲ ಹುಲ್ಲಿನ ಬೆಂಕಿಯಲ್ಲಿ ಸುಡಬೇಕು. ಚೊಕ್ಕ ಮಾಡಿದ ಮೇಲೆ ಬೆಂಕಿಯಲ್ಲಿ ಹದವಾಗಿ ಬೇಯಿಸಿ, ತುಂಡು ಮಾಡಬೇಕು. ಅದನ್ನೇ ತಾಳೆಗರಿಯಷ್ಟು ತೆಳ್ಳಗೆ ಹೆರೆದು, ಮಸಾಲೆ ಹಾಕಿದ ಮೊಸರಿನ ಜೊತೆ ತಿನ್ನುವ ಬಗೆಯೂ ಇದೆ. ಪಿತ್ತಜನಕಾಂಗವನ್ನ ಅಡಿಕೆ ಗಾತ್ರಕ್ಕೆ ಹೆಚ್ಚಿ, ಕೆಂಡದ ಮೇಲೆ ಸುಟ್ಟು, ಮಸಾಲೆಯಲ್ಲಿ ಹುರಿಯೋದು ಇನ್ನೊಂದು. ಶೂಲಕ್ಕೆ ಚುಚ್ಚಿ ಸುಟ್ಟ ಮಾಂಸಕ್ಕೆ ‘ಭಡಿತ್ರಕ’ ಅಂತ ಹೆಸರು. ಹೊಳೆದಂಡೆಯ ಇಲಿಯನ್ನೂ ಆತ ಬಿಟ್ಟಿಲ್ಲ, ಆದರೆ ಅದನ್ನ ಮೆನುವಿಗೆ ಸೇರಿಸು ಅಂತ ದೋಸ್ತನಿಗೆ ನಾನು ಹೇಳಲಿಲ್ಲ. ರುಚಿಗೆ ಇಂಗು, ಉಪ್ಪು, ಶುಂಠಿ, ಹುಳಿರಸ. ಮೆಣಸಿನಕಾಯಿ ಇನ್ನೂ ಹಡಗು ಹತ್ತಿರಲಿಲ್ಲ.

ಇದನ್ನ ಓದುವಾಗ ನನಗೆ ಎದ್ದು ಕಂಡಿದ್ದು ಒಂದೇ ಸಂಗತಿ: ಸೋಮೇಶ್ವರನ ಬರಹದಲ್ಲಿ ಬೆಂಕಿಗಿಂತ ಬೆಂಕಿಯ ಹಿಂದಿನ ಕೆಲಸಕ್ಕೆ ಹೆಚ್ಚು ಮಾತು. ತೊಳೆಯೋದು, ಚೊಕ್ಕ ಮಾಡೋದು, ಎಷ್ಟು ಗಾತ್ರಕ್ಕೆ ಹೆಚ್ಚಬೇಕು, ಯಾವುದಕ್ಕೆ ಏನು ಸವರಬೇಕು. ಅಡಿಕೆ ಗಾತ್ರ ಅಂದ ಮೇಲೆ ಅಡಿಕೆ ಗಾತ್ರವೇ. ಒಂದೇ ಗಾತ್ರದ ತುಂಡುಗಳು ಒಂದೇ ಹೊತ್ತಿಗೆ ಬೇಯುತ್ತವೆ, ಒಂದು ಕರಕಲಾಗಿ ಇನ್ನೊಂದು ಹಸಿ ಉಳಿಯೋದಿಲ್ಲ. ಹೊಸದಾಗಿ ಅಂಗಡಿ ತೆಗೆದವರು ಗ್ರಿಲ್ಲಿಗೆ, ಲೈಟಿಗೆ, ಗೋಡೆಯ ಚಿತ್ರಕ್ಕೆ ದುಡ್ಡು ಹಾಕ್ತಾರೆ. ಆ ದುಡ್ಡಿನ ಒಂದು ಪಾಲು ಬೆಳಗಿನ ಹೊತ್ತು ಮಾಂಸ ಹೆಚ್ಚಿ, ಮಸಾಲೆ ಸವರುವ ಕೈಗೆ ಹೋಗಬೇಕು. ಗಿರಾಕಿ ನಾಲಿಗೆಗೆ ತಾಗೋದು ಆ ಕೈ.

ಇಷ್ಟೇ ಆಗಿದ್ದರೆ ದೋಸ್ತನಿಗೆ ‘ಬೇಫಿಕರ್ ಇರು, ನಿನ್ನ ಹಿಂದೆ ಒಬ್ಬ ಚಕ್ರವರ್ತಿ ಇದ್ದಾನೆ’ ಅಂತ ಹೇಳಿ ಫೋನ್ ಇಡಬಹುದಿತ್ತು. ಆದರೆ ಇದೇ ಮನೆತನದ ಕಾಲದಲ್ಲಿ ಇನ್ನೊಂದು ಒಲೆಯೂ ಉರೀತಿತ್ತು.

ಸೋಮೇಶ್ವರನಿಗಿಂತ ನೂರು ವರ್ಷ ಮೊದಲು, 1025ರ ಸುಮಾರಿಗೆ, ಇದೇ ಚಾಲುಕ್ಯರ ಜಯಸಿಂಹನ ಕಾಲದಲ್ಲಿ ಇಮ್ಮಡಿ ಚಾವುಂಡರಾಯ ‘ಲೋಕೋಪಕಾರ’ ಬರೆದ. ಅದು ಕನ್ನಡ ಪುಸ್ತಕ. ಜ್ಯೋತಿಷ್ಯ, ವಾಸ್ತು, ನೀರು ಹುಡುಕೋದು, ಗಿಡ ಬೆಳೆಸೋದು, ದನದ ಔಷಧ, ಎಲ್ಲದರ ಜೊತೆ ಅಡುಗೆಯ ಅಧ್ಯಾಯವೂ ಇದೆ. ಅನ್ನ, ಕಾಯಿಪಲ್ಲೆ, ಹಾಲು, ಮೊಸರು ಇರುವ ಸಸ್ಯಾಹಾರದ ಅಡುಗೆ. ಹಂದಿಯಿಲ್ಲ, ಶೂಲವಿಲ್ಲ. ಒಂದೇ ರಾಜವಂಶ, ನೂರು ವರ್ಷದ ಅಂತರ, ಎರಡು ಅಡುಗೆಯ ಬರಹ. ನಮ್ಮದು ಮಾಂಸಾಹಾರದ ನಾಡು ಅಂತ ಒಬ್ಬರು, ಸಸ್ಯಾಹಾರದ ನಾಡು ಅಂತ ಇನ್ನೊಬ್ಬರು ವಾದ ಹಾಕ್ತಾರಲ್ಲ, ಅವರಿಬ್ಬರಿಗೂ ಈ ಎರಡು ಪುಸ್ತಕ ಜೊತೆಯಾಗಿ ಕೊಡಬೇಕು.

ಸೋಮೇಶ್ವರ ತೀರಿಕೊಂಡು ಮೂರು ದಶಕದೊಳಗೆ ಅದೇ ಕಲ್ಯಾಣದಲ್ಲಿ ಬಸವಣ್ಣನವರ ಕಾಲ ಬಂತು. ಬಸವಣ್ಣನವರು ಬೆಳೆದದ್ದು, ಕೊನೆಗೆ ಐಕ್ಯರಾದದ್ದು ಹುನಗುಂದ ತಾಲೂಕಿನ ಕೂಡಲಸಂಗಮದಲ್ಲಿ, ಕೃಷ್ಣೆ ಮಲಪ್ರಭೆ ಕೂಡುವ ಜಾಗದಲ್ಲಿ. ಬಲಿಗೆ ತಂದ ಕುರಿಯನ್ನ ಕಂಡು ಮರುಗಿ ಬರೆದವರು ಅವರು. ಇತ್ತ ಬಾದಾಮಿಯ ಪಕ್ಕದಲ್ಲೇ ಬನಶಂಕರಿ ಇದ್ದಾಳೆ. ಅವಳಿಗೆ ಶಾಕಂಭರಿ ಅಂತಲೂ ಹೆಸರು. ಜಾತ್ರೆಯ ಹೊತ್ತಿಗೆ ಪಲ್ಯದ ಹಬ್ಬದಲ್ಲಿ 108 ಬಗೆಯ ಪಲ್ಯ ಮಾಡಿ ಎಡೆ ಹಿಡೀತಾರೆ. ಟಗರಿನ ಕಥೆಯ ವಾತಾಪಿ, ಪಲ್ಯದ ಬನಶಂಕರಿ, ಎರಡೂ ಒಂದೇ ಊರಿನ ಆಸುಪಾಸಿನಲ್ಲಿ!

ಅವ್ವ ಹೊಸ್ತಿಲು ದಾಟದೆ ಇರೋದು ಈ ಎರಡನೇ ಒಲೆಯ ಇತಿಹಾಸದಿಂದ. ಅದನ್ನ ಹಟ ಅಂತ ಕರೆದು ಬದಿಗೆ ಸರಿಸಿದರೆ ಅವನು ಕಳಕೊಳ್ಳೋದು ಒಬ್ಬ ಗಿರಾಕಿಯನ್ನಲ್ಲ. ಬಾಗಲಕೋಟೆಯಂಥ ಊರಲ್ಲಿ ಜನ ಹೋಟೆಲ್ಲಿಗೆ ಬರೋದು ಕುಟುಂಬ ಸಮೇತ. ಐದು ಮಂದಿಯಲ್ಲಿ ಒಬ್ಬರು ‘ನಾ ಅಲ್ಲಿ ಉಣ್ಣಂಗಿಲ್ಲ’ ಅಂದರೆ ಐದೂ ಮಂದಿ ಬೇರೆ ಕಡೆ ಹೋಗ್ತಾರೆ. ಸೋಮವಾರ ಈಶ್ವರನ ವಾರ, ಮಂಗಳವಾರ ಶುಕ್ರವಾರ ದೇವಿಯ ವಾರ. ಮಾಂಸ ತಿನ್ನುವ ಎಷ್ಟೋ ಮನೆಗಳಲ್ಲೂ ಆ ದಿನ ತಿನ್ನೋದಿಲ್ಲ. ಶ್ರಾವಣದಲ್ಲಂತೂ ತಿಂಗಳಿಡೀ ಇಲ್ಲ. ವಾರದ ನಡುವೆ ಟೇಬಲ್ ಖಾಲಿ ಯಾಕೆ ಅನ್ನೋದಕ್ಕೆ ಮಾರ್ಕೆಟಿಂಗ್ ಕಂಪನಿ ಬೇಕಿಲ್ಲ, ಗೋಡೆಗೆ ನೇತು ಹಾಕಿದ ಪಂಚಾಂಗ ಸಾಕು.

ಹಾಗಾಗಿ ನನ್ನ ಮೊದಲ ಸಲಹೆ: ಎರಡು ಒಲೆ. ಬೇರೆ ಇದ್ದಿಲು, ಬೇರೆ ಕಡ್ಡಿ, ಬೇರೆ ಚಿಮಟಿಗೆ, ಬೇರೆ ಮನುಷ್ಯ. ಎರಡೂ ಬಾಗಿಲಿಂದ ಒಳಗೆ ಬಂದವರ ಕಣ್ಣಿಗೆ ಕಾಣಬೇಕು. ‘ಪ್ಯೂರ್ ವೆಜ್ ಸೆಕ್ಷನ್ ಇದೆ’ ಅಂತ ಬೋರ್ಡ್ ಬರೆದರೆ ಯಾರೂ ನಂಬೋದಿಲ್ಲ, ಇಲ್ವಲನೂ ಹಾಗೇ ನಂಬಿಸಿ ಕರೀತಿದ್ದ.

ಆ ಎರಡನೇ ಒಲೆಯ ಮೇಲೆ ಏನು ಸುಡೋದು? ಪನೀರು, ಅನಾನಸು, ಅಣಬೆ ಅಂತ ದೋಸ್ತ ಪಟ್ಟಿ ಓದಿದ. ನಾನು ಕೇಳಿದೆ, ‘ಸೀತನಿ ಎಲ್ಲಿ?’

ಬೆಂಗಳೂರಿನ ಓದುಗರಿಗೆ ಸೀತನಿ ಗೊತ್ತಿಲ್ಲದಿರಬಹುದು, ಹೇಳ್ತೀನಿ. ಹಿಂಗಾರಿ ಬಿಳಿಜೋಳದ ತೆನೆ ಹಾಲು ತುಂಬಿ, ಇನ್ನೂ ಬಲಿಯುವ ಮೊದಲು, ಚಳಿಗಾಲದಲ್ಲಿ, ಹೊಲದಲ್ಲೇ ಸಣ್ಣ ಕುಣಿ ತೋಡಿ, ಕುಳ್ಳಿನ ಕೆಂಡ ಮಾಡಿ, ತೆನೆಗಳನ್ನ ಅದರಲ್ಲಿ ಸುಡ್ತಾರೆ. ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ ಕಾಳು ಬಿಡಿಸಿ, ಹೊಟ್ಟು ಊದಿ, ಶೇಂಗಾ ಹಿಂಡಿ, ಬೆಲ್ಲ, ಮೊಸರಿನ ಜೊತೆ ತಿನ್ನೋದು. ಹೊಲ ಇದ್ದವರು ನೆಂಟರನ್ನ, ಗೆಳೆಯರನ್ನ ಕರೀತಾರೆ. ಗಡಿಯಾಚೆ ಮಹಾರಾಷ್ಟ್ರದಲ್ಲಿ ಇದಕ್ಕೇ ಹುರಡಾ ಅಂತಾರೆ, ಅಲ್ಲಿ ಪುಣೆಯ ಮಂದಿ ದುಡ್ಡು ಕೊಟ್ಟು ಹುರಡಾ ಪಾರ್ಟಿಗೆ ಹೋಗ್ತಾರೆ. ನಮ್ಮಲ್ಲಿ ಅದು ಇನ್ನೂ ಹೊಲದ ಬದುವಿನಲ್ಲೇ ಉಳಿದಿದೆ.

ಬೆಂಕಿಯ ಸುತ್ತ ಕೂತು, ಕೈಯಿಂದ ತಿನ್ನುತ್ತ, ಹರಟೆ ಹೊಡೆಯೋದು ಬಾರ್ಬೆಕ್ಯೂ ಅಂತಾದರೆ ಇದಕ್ಕಿಂತ ದೊಡ್ಡ ಬಾರ್ಬೆಕ್ಯೂ ಯಾವುದಿದೆ? ಅರಸನ ಭಡಿತ್ರಕ ಅರಮನೆಯದು. ಸೀತನಿ ಮಾತ್ರ ಹೊಲದ ಬೆಂಕಿಯದು, ಅದಕ್ಕೆ ಯಾರ ಆಕ್ಷೇಪವೂ ಇಲ್ಲ. ಅದರ ಜೊತೆಗೆ ಮುಳಗಾಯಿ ಇದೆ, ಗೋವಿನಜೋಳ ಇದೆ, ಹಸಿ ಶೇಂಗಾ ಇದೆ. ಕೊನೆಗೆ ಸಿಹಿಗೆ ಐಸ್‌ಕ್ರೀಮಿನ ಜೊತೆ ಬ್ರೌನಿ ಕೊಡೋ ಬದಲು ಅಮೀನಗಡದ ಕರದಂಟು ಕೊಟ್ಟರೆ ಯಾರು ಬ್ಯಾಡ ಅಂತಾರೆ?

ಇನ್ನು ವ್ಯಾಪಾರದ ಮಾತು. ನಾನು ಇಳಕಲ್‌ನವನು. ನಮ್ಮೂರಿನವರಿಗೆ ಮಾಂಸದ ಊಟ ಅಂದರೆ ಸಾವಜಿ ಖಾನಾವಳಿ. ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ ಸಮಾಜದವರು ಇವನ್ನ ನಡೆಸೋದು, ಮೂಲದಲ್ಲಿ ನೇಕಾರರು. ಗದಗ-ಬೆಟಗೇರಿ, ಹುಬ್ಬಳ್ಳಿ, ಇಳಕಲ್, ಹೀಗೆ ಮಗ್ಗದ ಸದ್ದು ಇದ್ದ ಊರುಗಳಲ್ಲೆಲ್ಲ ಸಾವಜಿ ಖಾರವೂ ಇದೆ. ಈ ಖಾನಾವಳಿಗಳಲ್ಲಿ ಮೆನು ಕಾರ್ಡ್ ಓದುವ ಕೆಲಸವೇ ಇಲ್ಲ. ನಾಲ್ಕೈದು ಪದಾರ್ಥ, ಬಿಸಿ ರೊಟ್ಟಿ, ಉಳ್ಳಾಗಡ್ಡಿ, ನಿಂಬೆಹಣ್ಣು. ಮನೆಯ ಹೆಣ್ಣುಮಕ್ಕಳ ಕೈಯ ಖಾರ. ನಿನ್ನೆ ಇದ್ದ ರುಚಿ ಇವತ್ತೂ ಇರುತ್ತೆ, ಮುಂದಿನ ವರ್ಷವೂ ಇರುತ್ತೆ. ತಂದ ಮಾಂಸ ಅವತ್ತೇ ಮುಗೀಬೇಕು, ಮುಗಿದ ಮೇಲೆ ‘ಆಗೇತ್ರಿ, ನಾಳೆ ಬರ್ರಿ’. ಇದರ ಎದುರು ಮೂವತ್ತು ಪದಾರ್ಥದ ಅನ್‌ಲಿಮಿಟೆಡ್ ಬಫೆ ಇಡೋದು ಅಂದರೆ, ದಿನಾ ಹಾಲ್ ತುಂಬುವ ಮಹಾನಗರದ ಲೆಕ್ಕವನ್ನ ವಾರಕ್ಕೆ ಎರಡು ದಿನ ತುಂಬುವ ಊರಿಗೆ ತಂದಂತೆ. ಉಳಿದ ಮಾಂಸ ಮರುದಿನ ಫ್ರಿಜ್ಜಿನಿಂದ ಹೊರಗೆ ಬರುತ್ತೆ, ರುಚಿ ಕೆಡುತ್ತೆ, ಹೆಸರೂ ಕೆಡುತ್ತೆ. ಆರು ಪದಾರ್ಥ ಸಾಕು.

ಇಳಕಲ್ ಸೀರೆ ನೇಯುವಾಗ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ ಇರುತ್ತೆ. ಮೈ ಹತ್ತಿಯದಾದರೂ ಸೆರಗು ರೇಷ್ಮೆಯದು. ಎರಡನ್ನೂ ಎಳೆಗೆ ಎಳೆ ಸಿಕ್ಕಿಸಿ ಕೂಡಿಸುವ ವಿಧಾನಕ್ಕೆ ಕೊಂಡಿ ಅಂತಾರೆ, ನಮ್ಮ ಸೀರೆಯ ಗುರುತೇ ಅದು. ದೋಸ್ತನಿಗೆ ಅದನ್ನೇ ಹೇಳಿದೆ: “ನಿನ್ನ ಕಬಾಬು, ಗ್ರಿಲ್ಲು ಎಲ್ಲ ಸೆರಗು. ಮಂದಿ ನೋಡಿ ಬರೋದು ಸೆರಗಿಗೇ. ಆದ್ರ ದಿನಾ ಉಡಾಕ ಮೈ ಬೇಕಲ್ಲ? ರೊಟ್ಟಿ, ಹಿಂಡಿ, ಮೊಸರು ಇಲ್ಲದ ಬರೇ ಸೆರಗು ಯಾರು ಉಡ್ತಾರ?”

ಮತ್ತೆ ಕುರಿ ಎಲ್ಲಿಂದ ತರೋದು, ಯಾರ ನಂಬಿಕೆಯ ಮೇಲೆ? ಇಲ್ಲಿ ಐಹೊಳೆ ನೆನಪಾಗುತ್ತೆ. ಹುನಗುಂದ ತಾಲೂಕಿನ ಆ ಸಣ್ಣ ಊರನ್ನ ನಾವು ದುರ್ಗದ ಗುಡಿ, 634ರ ರವಿಕೀರ್ತಿಯ ಶಾಸನ ಅಂತ ನೋಡಿ ಬರ್ತೀವಿ. ಆದರೆ ಮಧ್ಯಯುಗದ ದಕ್ಷಿಣ ಭಾರತದ ದೊಡ್ಡ ವರ್ತಕ ಸಂಘಕ್ಕೂ ಅದೇ ಊರಿನ ಹೆಸರು: ಅಯ್ಯಾವೊಳೆ ಐನೂರ್ವರು. ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕುದುರೆ, ಆನೆ, ಏನೆಲ್ಲ ಮಾರುತ್ತಿದ್ದರು ಅನ್ನೋ ಪಟ್ಟಿ ಅವರ ಶಾಸನಗಳಲ್ಲೇ ಇದೆ. ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಲೋಬು ತುವಾದಲ್ಲಿ 1088ರ ತಮಿಳು ಶಾಸನವೊಂದು ಸಿಕ್ಕಿದೆ, ಅದರಲ್ಲೂ ಐನೂರ್ವರೇ. ಯಾವ ಹೇರಿಗೆ ದೇವಸ್ಥಾನಕ್ಕೆ ಎಷ್ಟು ಕೊಡಬೇಕು ಅಂತ ತಾವೇ ಕೂಡಿ ನಿಶ್ಚಯಿಸಿ, ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು. ಕಲ್ಲಿನ ಮೇಲೆ ಬರೆದ ದರವನ್ನ ಮರುದಿನ ತಿದ್ದೋದಕ್ಕೆ ಆಗೋದಿಲ್ಲ. ಮಲಪ್ರಭೆಯ ದಂಡೆಯ ಊರಿನ ಹೆಸರು ಸಮುದ್ರ ದಾಟಿದ್ದರ ಹಿಂದೆ ಇಂಥ ಮಾತಿನ ಗಟ್ಟಿತನ ಇತ್ತು ಅಂತ ನನ್ನ ತಿಳಿವಳಿಕೆ.

ಅಮೀನಗಡದ ಸಂತೆಗೆ ಕುರಿ ಹೊಡಕೊಂಡು ಬರುವ ಕುರುಬರಿಗೆ ಐನೂರ್ವರು ಗೊತ್ತಿಲ್ಲದಿರಬಹುದು, ಆದರೆ ಯಾರು ಒಪ್ಪಿದ ದರ ಒಪ್ಪಿದ ದಿನ ಕೊಡ್ತಾರೆ ಅನ್ನೋದು ಚೆನ್ನಾಗಿ ಗೊತ್ತಿರುತ್ತೆ. ಸಾಲದ ಕಂತಿನ ಒತ್ತಡದಲ್ಲಿ ಹೊಸ ಹೋಟೆಲ್‌ನವರು ಮೊದಲು ಮುಂದೂಡೋದು ಇವರ ದುಡ್ಡನ್ನೇ. ಅಲ್ಲಿಂದ ಒಳ್ಳೆಯ ಮರಿ ಬೇರೆಯವರ ಪಾಲಾಗುತ್ತೆ. ಬ್ಯಾಂಕಿಗೆ ಹೇಳಿಕೊಂಡು ಒಂದು ವಾರ ತಡ ಮಾಡಬಹುದು, ಕುರಿಯವನಿಗೆ ಮಾಡಬಾರದು.

ಕೊನೆಯದು ಹವಾಮಾನ. ಮಾನಸೋಲ್ಲಾಸದಲ್ಲಿ ಯಾವ ಋತುವಿಗೆ ಯಾವ ರುಚಿ ಅಂತ ಹೇಳಿದೆ, ಬೇಸಿಗೆಗೆ ಸಿಹಿ ಮತ್ತು ತಂಪು. ಏಪ್ರಿಲ್-ಮೇ ತಿಂಗಳಲ್ಲಿ ಬಾಗಲಕೋಟೆಯ ಬಿಸಿಲು 40 ಡಿಗ್ರಿ ದಾಟುತ್ತೆ. ಆಗ ಮುಖದ ಮುಂದೆ ಕೆಂಡ ಇಟ್ಟುಕೊಂಡು ಯಾರು ಕೂಡ್ತಾರೆ? ಎಸಿ ಹಾಕಿ ಕಿಟಕಿ ಮುಚ್ಚಿದರೆ ಇನ್ನೂ ಅಪಾಯ. ಇದ್ದಿಲಿನಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಮುಚ್ಚಿದ ಕೋಣೆಯಲ್ಲಿ ಅದು ಜೀವ ತೆಗೆಯುತ್ತೆ. ನಮ್ಮ ಹಳೇ ಮಣ್ಣಿನ ಮಾಳಿಗೆ ಮನೆಗಳಲ್ಲಿ ಒಲೆಯ ನೆತ್ತಿಗೆ ಬೆಳಕಿಂಡಿ ಬಿಡುತ್ತಿದ್ದರು, ಹೊಗೆ ಹೋಗಲಿ ಅಂತ. ಅವನ ಹಿತ್ತಲು ಖಾಲಿ ಬಿದ್ದಿದೆ. ಬೆಂಕಿ ಅಲ್ಲಿರಲಿ, ಬೆಂದದ್ದು ಒಳಗೆ ಬರಲಿ. ಬೇಸಿಗೆಯಲ್ಲಿ ಮೊದಲು ಒಂದು ಗ್ಲಾಸ್ ಮಜ್ಜಿಗೆ ಬರಲಿ. ಚಳಿಗಾಲ ಬಂದಾಗ ಜನರನ್ನೇ ಹಿತ್ತಲಿಗೆ ಕರೀಲಿ.

ಇದಿಷ್ಟರಲ್ಲಿ ಅವನು ಸದ್ಯ ಮಾಡಿರೋದು ಎರಡು ಕೆಲಸ. ಟೇಬಲ್ ಗ್ರಿಲ್ಲುಗಳನ್ನ ತೆಗೆಸಿ, ಹಿತ್ತಲಲ್ಲಿ ಎರಡು ಒಲೆ ಕಟ್ಟಿಸಿದ್ದಾನೆ, ನಡುವೆ ಎದೆ ಎತ್ತರದ ಗೋಡೆ. ಬಫೆ ನಿಲ್ಲಿಸಿದ್ದಾನೆ. ಗಲ್ಲಾಪೆಟ್ಟಿಗೆ ಇನ್ನೂ ಸಾಲದ ಕಂತಿಗೆ ಸಾಲುತ್ತಿಲ್ಲ, ಒಂದು ವರ್ಷ ನೋಡ್ತೀನಿ ಅಂತಾನೆ. ಎಲ್ಲೆಡೆ ಗೆದ್ದೇ ಗೆಲ್ಲುತ್ತೆ ಅಂತ ಭರವಸೆ ಕೊಡೋ ಶಕ್ತಿ ಇತಿಹಾಸಕ್ಕಿಲ್ಲ. ಹುಲುಸಾಗಿ ಬಾಳಿದ ಐನೂರ್ವರ ಸಂಘವೂ ಒಂದು ದಿನ ಕರಗಿಹೋಯ್ತು.

ಆದರೆ ಹೋದ ವಾರ ಅವನ ಅವ್ವ ಕೇಳಿದರಂತೆ, ಎರಡನೇ ಒಲೆಯ ಮುಂದೆ ಯಾರು ನಿಲ್ಲೋದು ಅಂತ. ಇನ್ನೂ ಯಾರೂ ಸಿಕ್ಕಿಲ್ಲ ಅಂದನಂತೆ. “ಸೀತನಿ ಸುಡಾಕ ಆ ಪ್ಯಾಟಿ ಹುಡುಗ್ರಿಗೆ ಏನ ತಿಳಿತೈತಿ, ಹೊತ್ತಿಸಿಬಿಡ್ತಾವು” ಅಂದು ಸುಮ್ಮನಾದರಂತೆ. ಈ ಸಲ ಹಿಂಗಾರಿ ಚೆನ್ನಾಗಿದೆ, ತೆನೆ ಹಾಲು ತುಂಬೋಕೆ ಇನ್ನು ಕೆಲವೇ ವಾರ. ಬಾದಾಮಿಯ ಗುಹೆ ನೋಡೋಕೆ ನೀವು ಬರೋದಾದರೆ ಆ ಹೊತ್ತಿಗೇ ಬನ್ನಿ.